ಪುಸ್ತಕದ ಮನೆಗೆ ಬಂದ ಕತ್ತೆ

ಮಕ್ಕಳ ಕತೆಯನ್ನು ಕಿತ್ತುಕೊಂಡು ಅದರ ಜಾಗದಲ್ಲಿ ಕತ್ತೆ ಕಟ್ಟಿದರು. ತಪ್ಪು ಮಾಡಿದವರು ದೊಡ್ಡವರು, ನಿದ್ದೆಗೆಟ್ಟವರು ಮಕ್ಕಳು. ಇದನ್ನ ಮೊದಲೇ ಹೇಳಿಬಿಡ್ತೀನಿ ಕೂಸೇ, ಕೊನೇವರೆಗೂ ನೀನು ಎಚ್ಚರ ಇರ್ತೀಯೋ ಇಲ್ಲವೋ. ಕಾಲು ಒದೀಬೇಡ, ದುಪ್ಪಟಿ ಜಾರುತ್ತೆ. ಹೂಂ ಅಂತಿರು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಕಲ್ಲಿನ ಮೇಲೆ ಏನು ಕೆತ್ತಿದರೆ ಅದೇ ಕಾನೂನು ಆಗಿದ್ದ ಕಾಲದಲ್ಲಿ, ಗಾರೆಪಟ್ಟಣ ಅಂತ ಒಂದು ಊರಿತ್ತಂತೆ. ಅಲ್ಲೊಬ್ಬ ಕುಂಬಾರ, ಅವನಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡವಳು ದುಂಡಮ್ಮ, ನಡುವಿನವಳು ಮಂಚಮ್ಮ, ಕೊನೆಯವಳು ತಿಬ್ಬಿ. ದುಂಡಮ್ಮನಿಗೆ ಬಾಯಿ ಜೋರು, ಮಂಚಮ್ಮನಿಗೆ ತೋಳು ಜೋರು, ತಿಬ್ಬಿಗೆ ಎರಡೂ ಇಲ್ಲ. ಅವಳಿಗಿದ್ದದ್ದು ಬರೀ ಚಡಪಡಿಕೆ. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು, ಯಾರು ಏನು ಹೇಳಿದರೂ ಆಮೇಲೆ ಅನ್ನೋಳು. ಅಪ್ಪ ಮಡಕೆ ತಟ್ಟುತ್ತಾ ಇದು ತಳ ಕಣವ್ವ ಅಂದ್ರೆ, ಆಮೇಲೆ? ಇದು ಹೊಟ್ಟೆ ಅಂದ್ರೆ, ಆಮೇಲೆ? ಇದು ಕುತ್ತಿಗೆ ಅಂದ್ರೆ, ಆಮೇಲೆ? ಆಮೇಲೆ ನಿನ್ನ ತಲೆ, ಹೋಗೇ ಅತ್ಲಾಗೆ ಅನ್ನೋನಂತೆ ಅಪ್ಪ. ಮಣ್ಣು ಹೊರೋಕೆ ಅವರ ಮನೇಲಿ ಒಂದು ಕತ್ತೆ ಇತ್ತು. ಬೂದಿ ಬಣ್ಣದ್ದು, ಅದಕ್ಕೆ ಬೂದಣ್ಣ ಅಂತ ಹೆಸರಿಟ್ಟಿದ್ದರಂತೆ.

ಅದೇ ಊರಲ್ಲಿ ರಾಜನ ತಾಯಿ ಅಮ್ಮಣ್ಣಿ ಒಂದು ಪುಸ್ತಕದ ಮನೆ ಕಟ್ಟಿಸಿದ್ದಳಂತೆ. ಆಗೆಲ್ಲ ಪುಸ್ತಕ ಅಂದ್ರೆ ತಾಳೆಗರಿಯ ಕಟ್ಟುಗಳು, ಗರಿ ಮೇಲೆ ಗೀಚಿದ ಅಕ್ಷರಗಳು. ದಿನಾ ಸಂಜೆ, ದನ ಮನೆಗೆ ತಿರುಗೋ ಹೊತ್ತಿಗೆ, ಅಮ್ಮಣ್ಣಿ ಜಗಲಿ ಮೇಲೆ ಚಾಪೆ ಹಾಸಿ ಕೂರೋಳು. ಅಗಸರ ಮಕ್ಕಳು, ಕುಂಬಾರರ ಮಕ್ಕಳು, ಅರಮನೆ ಮಕ್ಕಳು, ಎಲ್ಲರಿಗೂ ಒಂದೇ ಚಾಪೆ. ಯಾರು ಮೊದಲು ಬಂದರೆ ಅವರಿಗೆ ತೊಡೆ. ತಿಬ್ಬಿ ಓಡಿ ಬರೋಳು, ಮಣ್ಣಿನ ಕಾಲಲ್ಲೇ ತೊಡೆ ಏರೋಳು, ಅಮ್ಮಣ್ಣಿ ಒಂದು ದಿನವೂ ಸೀರೆ ಕೊಡವಿಕೊಂಡವಳಲ್ಲ. ಒಂದೊಂದು ಅಕ್ಷರದ ಕೆಳಗೂ ಬೆರಳು ಇಡ್ತಾ ಓದೋಳು. ಕುಂಟ ನರಿಯ ಕತೆ, ಕೋಪದ ಕೊಕ್ಕರೆ ಕತೆ, ಹೀಗೆ ಪ್ರತಿ ಗರಿಕಟ್ಟಿನ ಮೊದಲ ಸಾಲಲ್ಲೂ ಕತೆ ಅನ್ನೋ ಎರಡಕ್ಷರ ಇದ್ದೇ ಇರುತ್ತಲ್ಲ, ಅಲ್ಲಿ ಬೆರಳನ್ನ ಒಂದು ಗಳಿಗೆ ನಿಲ್ಲಿಸೋಳು. ತಿಬ್ಬಿಗೆ ಓದು ಬರ್ತಿರಲಿಲ್ಲ. ಆದ್ರೆ ಆ ಎರಡಕ್ಷರದ ಮುಖ ಮಾತ್ರ ಗುರುತಾಗಿಹೋಗಿತ್ತು, ದಿನಾ ನೀರಿಗೆ ಬರೋ ಹೆಂಗಸರ ಮುಖ ಗುರುತಾಗೋ ಹಾಗೆ.

ಒಂದು ಸಂಜೆ ಅಮ್ಮಣ್ಣಿ ಇರುವೆಯ ಕತೆ ತೆಗೆದಳಂತೆ. ಒಂದು ಮರಿ ಇರುವೆ ಸಾಲು ತಪ್ಪಿ ಹಲಸಿನ ಎಲೆ ಮೇಲೆ ಕೂತುಬಿಡ್ತು, ಗಾಳಿ ಬಂದು ಎಲೆ ಕೆರೆಗೆ ಬಿತ್ತು, ಎಲೆ ತೇಲಿ ತೇಲಿ ಕೆರೆಯ ತೂಬಿನ ಹತ್ತಿರ ಬಂತು, ತೂಬಿನ ಬಾಯಿ ನೀರನ್ನ ಗಟಗಟ ನುಂಗ್ತಾ ಇದೆ, ಎಲೆ ಓರೆ ಆಯ್ತು, ಇರುವೆಯ ಕಾಲು ಜಾರ್ತು, ಆಮೇಲೆ... ಅಂದವಳು ಕೆಮ್ಮಿದಳಂತೆ. ಕೆಮ್ಮಿ, ಗರಿ ಕಟ್ಟಿ, ನಾಳೆ ಹೇಳ್ತೀನಿ ಮಕ್ಕಳೇ ಅಂತ ಎದ್ದು ಹೋದಳಂತೆ. ಹೋದವಳು ಹಾಸಿಗೆ ಹಿಡಿದಳು. ಮಗನನ್ನ ಕರೆದು, ನಾನು ಹೋದಮೇಲೂ ಆ ಮನೇಲಿ ದಿನಾ ಸಂಜೆ ಮಕ್ಕಳಿಗೆ ಒಂದು ಕತೆ ಇರಬೇಕು, ಕಲ್ಲಲ್ಲಿ ಕೆತ್ತಿಸು ಅಂದಳು. ಆಗಲಿ ಅಮ್ಮ ಅಂದ ರಾಜ. ಅವಳು ಕಣ್ಣು ಮುಚ್ಚಿದಳಂತೆ.

ಈಗ ಕೇಳು ಅವಾಂತರ ಹೇಗಾಯ್ತು ಅಂತ. ಅರಮನೇಲಿ ಒಬ್ಬ ಬರವಣಿಗೆಯವನಿದ್ದ. ಅವನಿಗೊಂದು ಚಪಲ ಇತ್ತು. ಒತ್ತಕ್ಷರ ಇಲ್ಲದೆ ಬರೆದರೆ ತನ್ನನ್ನ ಪಂಡಿತ ಅಂತ ಯಾರೂ ಅನ್ನೋದಿಲ್ಲ ಅಂತ, ಬೇಕಾದ ಕಡೆ ಒಂದು ಒತ್ತು, ಬೇಡದ ಕಡೆ ಎರಡು ಒತ್ತು ಹಾಕೋನಂತೆ. ಹಿಂದೊಂದು ಸಲ ಅರಮನೆ ಊಟಕ್ಕೆ ಎಲೆ ತನ್ನಿ ಅಂತ ಬರೆಯೋ ಕಡೆ ಎಲ್ಲೆ ತನ್ನಿ ಅಂತ ಬರೆದು, ಆಳುಗಳು ಹೋಗಿ ಊರ ಎಲ್ಲೆಗೆ ನೆಟ್ಟಿದ್ದ ಗಡಿಕಲ್ಲನ್ನ ಕಿತ್ತು ಹೊತ್ತು ತಂದು ಊಟದ ಪಂಕ್ತಿ ಮುಂದೆ ಇಳಿಸಿದ್ದರಂತೆ. ಆವತ್ತೂ ಯಾರೂ ನಗಲಿಲ್ಲ, ಯಾರೂ ತಪ್ಪು ಅನ್ನಲಿಲ್ಲ, ಕಲ್ಲಿನ ಮೇಲೆ ಅನ್ನ ಬಡಿಸಿಕೊಂಡು ಉಂಡರಂತೆ.

ಅಂಥವನ ಕೈಗೆ ಅಮ್ಮಣ್ಣಿಯ ಮಾತು ಸಿಕ್ಕಿತು. ಈ ಮನೆಯಲ್ಲಿ ದಿನಾ ಸಂಜೆ ಮಕ್ಕಳಿಗಾಗಿ ಒಂದು ಕತ್ತೆ ಇರತಕ್ಕದ್ದು, ಅಂತ ಬರೆದ. ರಾಜ ಅಳ್ತಾ ಕೂತಿದ್ದ, ಓದದೇ ಮುದ್ರೆ ಒತ್ತಿದ. ಕಲ್ಲುಕುಟಿಗ ಬರೆದದ್ದನ್ನ ಕೆತ್ತಿದ. ಆಮೇಲೆ ಪಾರುಪತ್ತೇಗಾರ, ಅಂದ್ರೆ ಪುಸ್ತಕದ ಮನೆ ಉಸ್ತುವಾರಿಗೆ ಇದ್ದ ಅಧಿಕಾರಿ, ಬಾಗಿಲ ಮೇಲೆ ಕೂರಿಸಿದ ಕಲ್ಲನ್ನ ಓದಿದ, ಗಡ್ಡ ಕೆರೆದುಕೊಂಡ, ಸೀದಾ ಕುಂಬಾರರ ಬೀದಿಗೆ ಬಂದು ಬೂದಣ್ಣನ ಹಗ್ಗ ಬಿಚ್ಚಿ ಎಳೆದುಕೊಂಡು ಹೋದನಂತೆ. ಮಣ್ಣು ಯಾರು ಹೊರಬೇಕು ಬುದ್ಧಿ ಅಂತ ಕುಂಬಾರ ಕೇಳಿದ್ದಕ್ಕೆ, ನಿನಗೂ ಬೆನ್ನಿದೆಯಲ್ಲೋ ಅಂದನಂತೆ.

ಸಂಜೆ ಮಕ್ಕಳು ಓಡಿ ಬಂದರು. ಚಾಪೆ ಇಲ್ಲ. ಬಾಗಿಲ ಒಳಗೆ, ಗರಿಕಟ್ಟು ಇಟ್ಟ ಹಲಗೆಗಳ ಪಕ್ಕ ಬೂದಣ್ಣ ನಿಂತು ಕಿವಿ ಆಡಿಸ್ತಾ ಇದೆ. ಪಾರುಪತ್ತೇಗಾರ ಮಕ್ಕಳನ್ನ ಸಾಲಾಗಿ ಕೂರಿಸಿ, ನೋಡಿ, ಕತ್ತಲಾಗೋವರೆಗೂ ನೋಡಿ, ರಾಜರ ಅಪ್ಪಣೆ ಅಂದ. ಮಕ್ಕಳು ಕತ್ತೆ ನೋಡಿದರು, ಕತ್ತೆ ಮಕ್ಕಳನ್ನ ನೋಡಿತು. ದಿನಾ ಇದೇ ಆಯ್ತಂತೆ.

ಆವತ್ತಿಂದ ಆ ಊರಲ್ಲಿ ಮಕ್ಕಳಿಗೆ ನಿದ್ದೆ ಹೋಯ್ತು. ಈ ಮಗ್ಗಲು, ಆ ಮಗ್ಗಲು, ಬೋರಲು, ಅಂಗಾತ. ಆಮೇಲೆ ಅಂದವಳು ಹೇಳದೇ ಹೋದಳಲ್ಲ, ಎಲ್ಲ ಮಕ್ಕಳೂ ಆ ತೂಬಿನ ಬಾಯಲ್ಲೇ ಸಿಕ್ಕಿಕೊಂಡುಬಿಟ್ಟಿದ್ದರು. ತಿಬ್ಬಿಗಂತೂ ಅನ್ನ ಸೇರಲಿಲ್ಲ. ಮುದ್ದೆ ಮುರಿದರೆ ಇರುವೆ, ನೀರು ಕುಡಿದರೆ ತೂಬು. ಅಪ್ಪ ಮಣ್ಣು ಹೊತ್ತು ಹೊತ್ತು ಬೆನ್ನು ನೀವಿಕೊಳ್ತಾ, ಇರುವೆ ಸತ್ತೋಯ್ತು ಮಲಗೇ ಅಂದರೆ, ಹಾಗಂತ ಗರಿಯಲ್ಲಿ ಬರೆದಿದೆಯಾ ಅಂತ ಕೇಳೋಳಂತೆ. ಅಪ್ಪ ಏನು ಹೇಳ್ತಾನೆ, ಅವನಿಗೆ ಓದು ಬರಲ್ಲ.

ಇನ್ನೊಂದು ಸಂಕಟ ಕೇಳು. ಕತ್ತೆಗೆ ಅಂತ ಅರಮನೆಯಿಂದ ಹುಲ್ಲು ಬರ್ತಿತ್ತು, ಆ ಹುಲ್ಲು ಪಾರುಪತ್ತೇಗಾರನ ಎಮ್ಮೆಗಳ ಬಾಯಿಗೆ ಹೋಗ್ತಿತ್ತು. ಬೂದಣ್ಣನ ಹೊಟ್ಟೆ ಬೆನ್ನಿಗಂಟಿತು. ಹಸಿದ ಕತ್ತೆ ಏನು ಮಾಡುತ್ತೆ ಹೇಳು? ಕತ್ತು ಚಾಚಿ ಕೆಳಗಿನ ಹಲಗೆಯಿಂದ ಒಂದು ತಾಳೆಗರಿ ಎಳೆದು ಅಗಿದು ನೋಡಿತು. ಒಣಗಿದ್ದರೂ ಮೇವು ಮೇವೇ. ಕುಂಟ ನರಿ ಹೋಯ್ತು. ಕೋಪದ ಕೊಕ್ಕರೆ ಹೋಯ್ತು. ಕತ್ತೆಯದು ಏನೂ ತಪ್ಪಿಲ್ಲ ಕೂಸೇ, ಇದನ್ನ ನೆನಪಿಟ್ಕೋ. ಹುಲ್ಲು ಕದ್ದವನದು ತಪ್ಪು. ಇರುವೆಯ ಕತೆ ಮೇಲಿನ ಹಲಗೆ ಮೇಲಿತ್ತು. ಬೂದಣ್ಣನ ಕತ್ತು ದಿನಾ ಸ್ವಲ್ಪ ಸ್ವಲ್ಪ ಮೇಲೆ ಹೋಗೋದನ್ನ ತಿಬ್ಬಿ ಸಾಲಲ್ಲಿ ಕೂತು ನೋಡ್ತಿದ್ದಳು. ಇವತ್ತೋ ನಾಳೆಯೋ ತನ್ನ ಆಮೇಲೆಯನ್ನ ತನ್ನ ಮನೆ ಕತ್ತೆಯೇ ತಿಂದುಬಿಡುತ್ತೆ ಅಂತ ಅವಳು ಉಳಿದ ಹಲಗೆಗಳನ್ನ ಎಣಿಸ್ತಾ ಕೂರೋಳಂತೆ.

ಮೊದಲು ದುಂಡಮ್ಮ ಹೊರಟಳು. ಬರವಣಿಗೆಯವನ ಮನೆ ಮುಂದೆ ನಿಂತು, ಮಕ್ಕಳಿಗೆ ಕತೆ ಅಂತ ಅಮ್ಮಣ್ಣಿ ಅಂದಿದ್ದರಲ್ಲ ಸ್ವಾಮಿ, ಕತೆ ಎಲ್ಲಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೇಳಿದಳು. ಅವನು ಕಂಠ, ಅಂದ್ರೆ ಗರಿ ಮೇಲೆ ಗೀಚೋ ಕಬ್ಬಿಣದ ಕಡ್ಡಿ, ಅದನ್ನ ಕಿವಿಗೆ ಸಿಕ್ಕಿಸಿಕೊಂಡು, ನಿನಗೆ ಓದು ಬರುತ್ತೇನೇ ಅಂದ. ಇಲ್ಲ ಅಂದಳು. ಹಾಗಾದ್ರೆ ಕಲ್ಲಿನ ವಿಷಯ ನಿನಗ್ಯಾಕೆ ಅಂದ. ದುಂಡಮ್ಮನ ಜೋರು ಬಾಯಿ ಅಲ್ಲಿಗೆ ಮುಚ್ಚಿಹೋಯ್ತು. ಓದು ಬರದವರ ಬಾಯಿ ಮುಚ್ಚಿಸೋಕೆ ಓದು ಬಂದವರಿಗೆ ಅದೊಂದು ಮಾತು ಸಾಕಾಗಿತ್ತು.

ಆಮೇಲೆ ಮಂಚಮ್ಮ ಹೋದಳು. ಅವಳದ್ದು ಮಾತಿಲ್ಲ, ಹಗ್ಗಕ್ಕೇ ಕೈ ಹಾಕಿ ಬೂದಣ್ಣನನ್ನ ಹೊರಗೆ ಎಳೆದಳು. ಪಾರುಪತ್ತೇಗಾರ ಅಡ್ಡ ನಿಂತ. ಕತ್ತೆ ಹೋದರೆ ಎಮ್ಮೆಗೆ ಹುಲ್ಲಿಲ್ಲವಲ್ಲ. ರಾಜಾಜ್ಞೆ ಮೀರ್ತೀಯಾ, ನಿಮ್ಮಪ್ಪನ ಆವಿಗೆಗೆ ನೀರು ಸುರಿಸಿಬಿಡ್ತೀನಿ ಅಂದ. ಆವಿಗೆ ಅಂದ್ರೆ ಮಡಕೆ ಸುಡೋ ಒಲೆ, ಅದು ಆರಿದರೆ ಮನೆ ಒಲೆಯೂ ಆರಿದ ಹಾಗೆ. ಮಂಚಮ್ಮ ಹಗ್ಗ ಕೈಬಿಟ್ಟು ಬಂದು ಗೋಡೆಗೆ ಗುದ್ದಿದಳಂತೆ, ಗೋಡೆಯ ಮಣ್ಣು ಉದುರಿತಂತೆ.

ಹೂಂ ಅನ್ನು. ಇದ್ದೀಯಾ?

ಮೂರನೆಯವಳು ತಿಬ್ಬಿ. ಅವಳು ಹೋದದ್ದು ಕೂಲಿಮಠದ ಐನೋರ ಹತ್ತಿರ, ಹುಡುಗರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸೋ ಮೇಷ್ಟ್ರು ಅವರು. ಮೊದಮೊದಲು ಐನೋರು, ಕತ್ತೆ ಅಂದ್ರೆ ಸಾಮಾನ್ಯವಲ್ಲ ಮಗು, ಕತ್ತೆ ಅಂದ್ರೆ ತಾಳ್ಮೆ, ಮಕ್ಕಳು ಅದನ್ನ ನೋಡಿ ತಾಳ್ಮೆ ಕಲೀಲಿ ಅಂತ ದೊಡ್ಡವರ ಉದ್ದೇಶ ಅಂತೆಲ್ಲ ಕೊರೆದರು. ತಿಬ್ಬಿ ಕೇಳಿಸಿಕೊಳ್ಳಲೇ ಇಲ್ಲ. ಅವರ ಪಂಚೆ ಚುಂಗು ಹಿಡಿದು ಪುಸ್ತಕದ ಮನೆ ಬಾಗಿಲಿಗೆ ಎಳೆದುಕೊಂಡು ಬಂದು ಕಲ್ಲು ತೋರಿಸಿದಳು. ಅವಳಿಗೆ ಅಲ್ಲೇ ಒಂದು ಕಡೆ ಆ ಎರಡು ಮುಖ ಕಂಡಿತ್ತು, ಅಮ್ಮಣ್ಣಿಯ ಬೆರಳು ನಿಲ್ತಿದ್ದ ಮುಖಗಳು. ಆದ್ರೆ ಎರಡನೆಯದರ ಕೆಳಗೆ ಬಾಲದ ಹಾಗೆ ಏನೋ ನೇತಾಡ್ತಾ ಇತ್ತು.

"ಇದು ಕ, ಇದು ತೆ. ಕೆಳಗೆ ನೇತಾಡೋದು ಏನು ಐನೋರೆ?"

"ಅದು ಒತ್ತು ಕಣೇ. ಮೇಲಿರೋ ಅಕ್ಷರವನ್ನ ಒತ್ತಿ ಹೇಳು ಅಂತ."

ತಿಬ್ಬಿ ಒತ್ತಿ ಹೇಳಿದಳು. ಕ, ತ್ತೆ. ಕತ್ತೆ. ತನ್ನನ್ನೇ ಕರೆದರು ಅಂದುಕೊಂಡು ಒಳಗಿಂದ ಬೂದಣ್ಣ ಹೋ ಅಂತ ಕಿರುಚಿತಂತೆ. ತಿಬ್ಬಿ ಕಲ್ಲು ನೋಡಿದಳು, ಕತ್ತೆ ನೋಡಿದಳು, ಐನೋರ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ನಿಮಗೆ ಗೊತ್ತಿತ್ತು."

ಐನೋರು ಬೀದಿಯ ಆ ಕಡೆ ಈ ಕಡೆ ನೋಡಿದರು. "ಓದು ಬಂದವರಿಗೆಲ್ಲ ಗೊತ್ತಿದೆ. ಮೊದಲ ದಿನವೇ ಗೊತ್ತಾಯ್ತು. ರಾಜರ ಮುದ್ರೆ ಬಿದ್ದಮೇಲೆ ಅದನ್ನ ತಪ್ಪು ಅನ್ನೋದು ಹೇಗೆ? ಸುಮ್ಮನೆ ಮನೆಗೆ ಹೋಗು."

ನೋಡಿದೆಯಾ. ಊರಿನ ಮಕ್ಕಳೆಲ್ಲ ನಿದ್ದೆ ಇಲ್ಲದೆ ಹೊರಳಾಡ್ತಾ ಇದ್ದರೆ, ಓದಿದವರೆಲ್ಲ ಒಂದು ಒತ್ತನ್ನ ಬಾಯಲ್ಲಿ ಅಡಗಿಸಿಕೊಂಡು ಹಾಯಾಗಿ ಗೊರಕೆ ಹೊಡೀತಿದ್ದರಂತೆ. ಅವರ ಮಕ್ಕಳಿಗೆ ಮನೇಲಿ ಗರಿ ಇತ್ತು, ಓದಿ ಹೇಳೋರಿದ್ದರು. ಜಗಲಿ ಮೇಲಿನ ಒಂದೇ ಚಾಪೆಯನ್ನ ನಂಬಿಕೊಂಡಿದ್ದವರು ಬೇರೆಯವರು.

ತಿಬ್ಬಿ ಮನೆಗೆ ಬಂದು ಅಕ್ಕಂದಿರಿಗೆ ಹೇಳಿದಳು. ಅಪ್ಪ ಹೆದರಿದ, ನಾವು ಮಡಕೆ ಮಾಡೋರು, ಅಕ್ಷರಕ್ಕೆ ಕೈ ಹಾಕಬಾರದು ಅಂದ. ದುಂಡಮ್ಮ, ಒಡೆದದ್ದನ್ನ ಮೆತ್ತೋದು ನಮ್ಮ ಕೆಲಸ ಅಲ್ಲವೇನಪ್ಪ ಅಂದಳು. ಮಂಚಮ್ಮ ಆಗಲೇ ಸುಣ್ಣ ಅರೀತಾ ಕೂತಿದ್ದಳು. ಸುಣ್ಣ, ಕಲ್ಲಿನ ಪುಡಿ, ಬೆಲ್ಲದ ನೀರು ಸೇರಿಸಿ ಕಲಸಿದರೆ ಗಾರೆ ಆಗುತ್ತೆ, ಒಣಗಿದರೆ ಕಲ್ಲೇ.

ಮಾರನೇ ದಿನ ಊರೆಲ್ಲ ಉಂಡು ತೂಕಡಿಸೋ ಬಿಸಿಲಹೊತ್ತು. ದುಂಡಮ್ಮ ಹೋಗಿ ಪುಸ್ತಕದ ಮನೆ ಕಾವಲಿನವನ ಜೊತೆ ಜಗಳ ತೆಗೆದಳು, ಹೋದ ಸಂತೇಲಿ ನನ್ನ ಮಡಕೆ ಒದ್ದು ಒಡೆದವನು ನೀನೇ ಅಲ್ಲವೇನೋ ಅಂತ. ಪಾಪ ಅವನು ಸಂತೆಗೇ ಹೋಗಿರಲಿಲ್ಲ. ಇಲ್ಲ ತಾಯಿ, ನಾನಲ್ಲ ತಾಯಿ ಅಂತ ಹಿಂದಕ್ಕೆ ಹೆಜ್ಜೆ ಹಾಕ್ತಾ ಹಾಕ್ತಾ ಬೀದಿ ತುದಿ ಮುಟ್ಟಿದನಂತೆ. ಈ ಕಡೆ ಮಂಚಮ್ಮ ಬಾಗಿಲಲ್ಲಿ ಬಗ್ಗಿ ಬೆನ್ನು ಕೊಟ್ಟಳು. ತಿಬ್ಬಿ ಅಕ್ಕನ ಬೆನ್ನು ಹತ್ತಿ ನಿಂತಳು. ಹುಟ್ಟಿದಾಗಿಂದ ಒಂದು ಕಡೆ ನಿಲ್ಲದ ಕಾಲು ಆವತ್ತು ಅಲ್ಲಾಡದೆ ನಿಂತಿತಂತೆ. ಹೆಬ್ಬೆರಳಿಗೆ ಗಾರೆ ಮೆತ್ತಿಕೊಂಡು, ಬಿರುಕು ಬಿಟ್ಟ ಮಡಕೆ ಮುಚ್ಚೋ ಹಾಗೆ ಆ ಬಾಲದೊಳಕ್ಕೆ ತುಂಬಿದಳು, ತೀಡಿದಳು, ಮೇಲೆ ಕಲ್ಲಿನ ಪುಡಿ ಉಜ್ಜಿದಳು. ಇಳಿದು ಕೆಳಗೆ ನಿಂತು ನೋಡಿದಳು. ಕ. ತೆ. ಅಮ್ಮಣ್ಣಿ ಬೆರಳಿಟ್ಟು ತೋರಿಸಿದ ಮುಖಗಳೇ.

ಅದೇ ಸಂಜೆ, ಗಾರೆ ಒಣಗಿ ಕಲ್ಲಾಗೋ ಹೊತ್ತಿಗೆ, ರಾಜ ಬಂದ. ಅವನ ಪುಟ್ಟ ಮಗಳೂ ಅದೇ ಚಾಪೆಯವಳು, ಅವಳಿಗೂ ನಿದ್ದೆ ಇಲ್ಲ, ವೈದ್ಯರು ಕೊಟ್ಟ ಕಷಾಯವನ್ನೆಲ್ಲ ಉಗಿದು ಇರುವೆ ಬೇಕು ಅಂತ ಹಟ ಹಿಡಿದಿದ್ದಳು. ಯಾವ ಇರುವೆ ಅಂತ ಯಾರಿಗೂ ತಿಳೀಲಿಲ್ಲ. ಸಾಕಾಗಿ ರಾಜ ಅವಳನ್ನ ಸೊಂಟದ ಮೇಲೆ ಕೂರಿಸಿಕೊಂಡು ಅಮ್ಮನ ಪುಸ್ತಕದ ಮನೆ ಕಡೆ ನಡೆದನಂತೆ. ಹಿಂದೆ ಪಾರುಪತ್ತೇಗಾರ, ಅವನ ಹಿಂದೆ ಬರವಣಿಗೆಯವನು, ಅವನ ಹಿಂದೆ ಐನೋರು. ಬಾಗಿಲಿಗೆ ಬಂದ ಕೂಡಲೇ ಮಗು ಮೇಲೆ ಬೆರಳು ಮಾಡಿ, ಅಪ್ಪಾ, ಕತೆ ಅಂದಳು. ಅವಳೂ ಆ ತೊಡೆ ಮೇಲೆ ಕೂತವಳಲ್ಲವೇ, ಅವಳಿಗೂ ಆ ಮುಖ ಗುರುತು.

ರಾಜ ತಲೆ ಎತ್ತಿ, ತಾನೇ ಮುದ್ರೆ ಒತ್ತಿದ್ದನ್ನ ಮೊದಲ ಸಲ ಓದಿದ. ಒಂದು ಕತೆ ಇರತಕ್ಕದ್ದು. ಒಳಗೆ ಇಣುಕಿದ. ಬೂದಣ್ಣ ಬಾಯಲ್ಲಿ ಒಂದು ಗರಿ ಕಚ್ಚಿಕೊಂಡು ಅವನನ್ನೇ ನೋಡ್ತಾ ಇತ್ತು.

"ಇದೇನು?"

"ಕತ್ತೆ, ಮಹಾಸ್ವಾಮಿ," ಅಂದ ಪಾರುಪತ್ತೇಗಾರ.

"ಅದು ಕಾಣ್ತಾ ಇದೆ. ಕತೆ ಎಲ್ಲಿ?"

ಪಾರುಪತ್ತೇಗಾರ ಕಲ್ಲು ನೋಡಿದ, ಬಾಯಿ ತೆರೆದ, ಹಾಗೇ ಮುಚ್ಚಿದ. ಬರವಣಿಗೆಯವನು ನೋಡಿದ, ತಾನು ಬರೆದ ಒತ್ತು ಅಲ್ಲಿಲ್ಲ. ಯಾರೋ ಅಳಿಸಿದ್ದಾರೆ ಅನ್ನಬೇಕಾದರೆ ಮೊದಲು ನಾನು ತಪ್ಪು ಬರೆದಿದ್ದೆ ಅನ್ನಬೇಕು. ಐನೋರು ಕಾಲ ಬೆರಳು ನೋಡಿಕೊಂಡು ನಿಂತರು. ಇಷ್ಟು ದಿನ ಮಕ್ಕಳನ್ನ ಸುಟ್ಟ ಆ ಮೂವರ ಮೌನವೇ ಆ ಸಂಜೆ ಮಕ್ಕಳನ್ನ ಕಾಯ್ತಂತೆ.

ರಾಜ ಅಷ್ಟೇನೂ ದಡ್ಡನಲ್ಲ. ಬೂದಣ್ಣನ ಬೆನ್ನಿಗಂಟಿದ ಹೊಟ್ಟೆ ನೋಡಿದ, ಹುಲ್ಲಿಲ್ಲದ ಗೋದಲಿ ನೋಡಿದ. ಪಾರುಪತ್ತೇಗಾರನ ಕೈಗೆ ಪೊರಕೆ ಕೊಟ್ಟು ಲದ್ದಿ ಬಾಚು ಅಂದ. ತಿಂದುಹೋದ ಗರಿಗಳನ್ನೆಲ್ಲ ಊರಿನ ಮುದುಕಿಯರ ಬಾಯಿಂದ ಕೇಳಿ ತಿರುಗಿ ಬರೆ, ನಿನ್ನ ಬುದ್ಧಿ ಸೇರಿಸಬೇಡ ಅಂತ ಬರವಣಿಗೆಯವನಿಗೆ ಹೇಳಿದ. ಐನೋರಿಗೆ ಚಾಪೆ ಹಾಸಿ ಕೂತು ಓದೋಕೆ ಹೇಳಿದ. ಮಕ್ಕಳೆಲ್ಲ ಓಡಿ ಬಂದರು. ತಿಬ್ಬಿ ಎಲ್ಲರಿಗಿಂತ ಮೊದಲು ಬಂದು, ಇರುವೆಯ ಕತೆ ಅಂದಳು.

ಐನೋರು ಬೂದಣ್ಣನ ಬಾಯಿಂದ ಗರಿ ಬಿಡಿಸಿಕೊಂಡರು. ಅದೇ ಇರುವೆಯ ಕತೆ. ಅರ್ಧ ಉಳಿದಿತ್ತು. ಓದ್ತಾ ಓದ್ತಾ ಬಂದರು, ಎಲೆ ಓರೆ ಆಯ್ತು, ಕಾಲು ಜಾರ್ತು, ಆಮೇಲೆ... ಅಲ್ಲಿಗೆ ಗರಿ ಮುಗಿದಿತ್ತು. ಮುಂದಿನದು ಕತ್ತೆಯ ಹೊಟ್ಟೇಲಿತ್ತು.

ರಾಜನ ಮಗಳು ಗರಿ ತಿರುಗಿಸಿ ನೋಡಿದಳು, ಅಲ್ಲೂ ಇರಲಿಲ್ಲ. ಆದ್ರೆ ಅಮ್ಮಣ್ಣಿ ಕೆಮ್ಮಿದ ಸಂಜೆಯಿಂದ ತಿಬ್ಬಿ ಆ ಎಲೆ ಮೇಲೇ ಕೂತಿದ್ದಳಲ್ಲ, ಆ ತೂಬು, ಆ ನೀರು ಅವಳಿಗೆ ಬೇರೆ ಯಾರಿಗಿಂತ ಹೆಚ್ಚು ಗೊತ್ತಿತ್ತು. ಮುಗಿದ ಗರಿಯ ತುದಿಗೆ ಬೆರಳಿಟ್ಟಳು. ಆಮೇಲೆ, ಅಂದಳು, ಆಮೇಲೆ ದಡದಲ್ಲಿ ಒಂದು ಇರುವೆ ಅದನ್ನ ನೋಡಿತು. ನೋಡಿ ಸುಮ್ಮನಿರಲಿಲ್ಲ. ಹುಲ್ಲಿನ ಬುಡ ಕಚ್ಚಿ ಹಿಡಕೊಂಡಿತು. ಅಗಸರ ಹುಡುಗಿಯೊಬ್ಬಳು, ಆಮೇಲೆ ಇನ್ನೊಂದು ಇರುವೆ ಬಂದು ಅದರ ಕಾಲು ಹಿಡಕೊಂಡಿತು ಅಂದಳು. ಅದರ ಕಾಲನ್ನ ಇನ್ನೊಂದು ಅಂದ ಮತ್ತೊಬ್ಬ. ಒಂದರ ಕಾಲು ಒಂದು ಹಿಡಿದು, ನೀರಿನ ಮೇಲೆ ಸಾಲು ಉದ್ದಕ್ಕೆ ಬೆಳೀತಾ ಬೆಳೀತಾ ಎಲೆಯ ಹತ್ತಿರ ಬಂತು, ಇನ್ನೊಂದೇ ಒಂದು ಇರುವೆ ಬೇಕು. ಅದು ನಾನು ಅಂದಳು ರಾಜನ ಮಗಳು. ಕೈ ಸಿಕ್ಕಿತು. ಎಳೆದರು. ಎಲೆ ತೂಬಿನೊಳಗೆ ಹೋಯ್ತು, ಮರಿ ಇರುವೆ ದಡಕ್ಕೆ ಬಂತು. ಐನೋರು ಕಂಠ ತೆಗೆದು ಮಕ್ಕಳು ಹೇಳಿದ್ದನ್ನ ಹಾಗೇ ಬರ್ಕೊಂಡರಂತೆ, ಒಂದು ಒತ್ತೂ ಹೆಚ್ಚಿಲ್ಲದೆ. ತಲೆ ಎತ್ತಿ ನೋಡಿದರೆ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಚಾಪೆ ಮೇಲೇ ನಿದ್ದೆ.

ಬೂದಣ್ಣ ಮನೆಗೆ ಬಂತು, ಅಪ್ಪನ ಬೆನ್ನಿಗೆ ಬಿಡುವು ಸಿಕ್ತು, ತಿಬ್ಬಿ ಒಂದೊಂದೇ ಮುಖ ಗುರುತು ಹಿಡೀತಾ ಓದು ಕಲಿತು ಮುಂದೆ ಅದೇ ಚಾಪೆ ಮೇಲೆ ಕೂತು ಬೆರಳಿಟ್ಟು ಓದೋಳಾದಳು. ಅಲ್ಲಿಗೆ ಅವರ ಕತೆ ಮುಗೀತು.

ಮಗು ಮಲಗಿತು. ಗೋಡೆಗೆ ಒರಗಿ ಕೇಳಿಸಿಕೊಳ್ತಾ ಕೂತಿರೋ ದೊಡ್ಡವರೇ, ನಿಮಗೆ ಇನ್ನೂ ಮುಗಿದಿಲ್ಲ. ನಿಮ್ಮೂರಲ್ಲೂ ಒಂದು ಪುಸ್ತಕದ ಮನೆ ಇದೆ. ಅದರ ಬಾಗಿಲ ಮೇಲೂ ಮಕ್ಕಳಿಗಾಗಿ ಅಂತ ಬರೆದಿದೆ. ಒಳಗೆ ಏನು ಕಟ್ಟಿದ್ದಾರೆ ಅಂತ ಯಾವತ್ತಾದರೂ ಇಣುಕಿ ನೋಡಿದ್ದೀರಾ? ಮುರಿದ ಕುರ್ಚಿಯೋ, ಗೊಬ್ಬರದ ಮೂಟೆಯೋ, ಬರೀ ಬೀಗವೋ? ನಾಳೆ ಸಂಜೆ ಹೋಗಿ. ಬೀಗ ಇದ್ದರೆ ಬೀಗದ ಕೈ ಯಾರ ಸೊಂಟದಲ್ಲಿದೆ ಕೇಳಿ, ತೆಗೆಯೋವರೆಗೂ ಬಾಗಿಲು ಬಿಟ್ಟು ಏಳಬೇಡಿ. ಚಾಪೆ ಹಾಸಿ. ನಿಮ್ಮ ಮಗುವನ್ನಷ್ಟೇ ಅಲ್ಲ, ಮನೇಲಿ ಓದಿ ಹೇಳೋರಿಲ್ಲದ ಮಗುವನ್ನ ತೊಡೆ ಮೇಲೆ ಕೂರಿಸಿಕೊಳ್ಳಿ, ಅಕ್ಷರದ ಕೆಳಗೆ ಬೆರಳಿಡಿ, ಓದಿ. ಓದು ಬರದಿದ್ದರೆ ಬರೋರ ಪಂಚೆ ಚುಂಗು ಹಿಡಿದು ಎಳೆದುಕೊಂಡು ಬನ್ನಿ.